ತಲೆಕೆಳಗಾದ ಕೊಕ್ಕರೆಗಳು

ನಗು, ನಗು! ಹೊಟ್ಟೆ ಹಿಡ್ಕೊಂಡು ನಗು, ಮುಗಿಯೋವರೆಗೂ ಕಾಯ್ತೀನಿ... ಪರದೆ ಬಟ್ಟೆಯ ಕೊಕ್ಕರೆ ತಲೆಕೆಳಗಾಗಿದ್ದರೆ ಏನೀಗ, ಬೋಗ್ನಾ? ಪರದೆ ತನ್ನ ಕೆಲಸ ಮಾಡ್ತಿದೆಯೋ ಇಲ್ಲವೋ? ಬಿಸಿಲು ತಡೀತಿದೆಯೋ ಇಲ್ಲವೋ? ನಾಲ್ಕು ಕಿಟಕಿ, ನಾಲ್ಕರಲ್ಲೂ ಕಾಲು ಮೇಲೆ, ಕೊಕ್ಕು ಕೆಳಗೆ. ಒಂದೇ ಕಿಟಕಿಯಲ್ಲಾಗಿದ್ದರೆ ತಪ್ಪು ಅನ್ನಬಹುದಿತ್ತು. ನಾಲ್ಕರಲ್ಲೂ ಆದ ಮೇಲೆ ಅದನ್ನ ತಪ್ಪು ಅನ್ನಲ್ಲ ಕಣೆ, ಶೈಲಿ ಅಂತಾರೆ! ...ಏನು? ಯಾರಿಗೆ ಚೆಂದ ಅಂತಲಾ? ಮಲಗಿದವರಿಗೆ! ಈ ಬೆಂಚಿನ ಮೇಲೆ ಅಂಗಾತ ಮಲಗಿ ತಲೆ ಹಿಂದಕ್ಕೆ ಚಾಚು, ಕೊಕ್ಕರೆಗಳು ಹೇಗೆ ನೆಟ್ಟಗೆ ಹಾರ್ತವೆ ನೋಡು. ಇಷ್ಟೆಲ್ಲ ಯೋಚನೆ ಮಾಡಿ ಹೊಲಿದಿದ್ದೀನಿ. ಹೌದು, ನಾನೇ ಹೊಲಿದಿದ್ದು. ನಿಮ್ಮ ಚಿಕ್ಕಮ್ಮ ಆರೋಗ್ಯಧಾಮಕ್ಕೆ ಹೋಗಿ ಮೂರು ವಾರ ಉಪ್ಪುಗಾಳಿ ಕುಡೀತಿದ್ದಾಗ, ನಾನು ಅವಳ ಹೊಲಿಗೆ ಮೆಷಿನ್ನಿಗೆ ಹೊಸ ಮದುವೆ ಗಂಡಿನ ಹಾಗೆ ಅಂಟ್ಕೊಂಡಿದ್ದೆ.

ಕೂತ್ಕೋ, ಹಾಯಾಗಿ ಕೂತ್ಕೋ. ಈ ಬೆಂಚಿನ ಹಲಗೆ ಹೊಸದು, ನೆಲದ ಪ್ಲೈವುಡ್ ಹೊಸದು, ನೀನು ಒರಗಿರೋ ದಿಂಬಿನೊಳಗಿನ ಸ್ಪಂಜೂ ಹೊಸದು. ನಿಮ್ಮಪ್ಪನ ಕಾಲದ್ದು ಅಂತ ಉಳಿದಿರೋದು ಮೇಲಿನ ಚಿಪ್ಪು, ಕೆಳಗಿನ ಚಕ್ರ, ಆಮೇಲೆ ಹೆಸರು. ಮೊಟ್ಟೆ! ನಿಮ್ಮಪ್ಪ, ನಮ್ಮ ರೋಖಣ್ಣ, ಈ ಗಾಲಿಮನೆ ಟ್ರೇಲರನ್ನ ಮೊದಲ ಸಲ ಮನೆಗೆ ಎಳ್ಕೊಂಡು ಬಂದಾಗ ನಿಮ್ಮಜ್ಜಿ ಬಾಗಿಲಲ್ಲಿ ನಿಂತು, "ಇಷ್ಟು ದೊಡ್ಡ ಮೊಟ್ಟೆ ಇಟ್ಟ ಹಕ್ಕಿ ಎಲ್ಲಿ, ಅದಕ್ಕೂ ಕಾಳು ಹಾಕಬೇಕಾ?" ಅಂದಳು. ಅದೇ ಹೆಸರಾಯ್ತು. ಈಗ ನೋಡು, ಅಂಗಳದಲ್ಲಿ ನಿನ್ನ ಮಕ್ಕಳು ಮೆಲಾ, ತಿಮೋನ್ ಇಬ್ಬರೂ ಬೆನ್ನಿಗೆ ಚೀಲ ಹಾಕ್ಕೊಂಡು ಕುಣೀತಿದ್ದಾರೆ. ಚಿಕ್ಕಮ್ಮ ಉಪ್ಪಿನ ಸೌತೆಕಾಯಿ ಜಾಡಿಗಳಿಗೆ ಹಳೇ ಪೇಪರ್ ಸುತ್ತುತಿದ್ದಾಳೆ. ನನ್ನ ಕಾರಿನ ಬಾಲಕ್ಕೆ ಮೊಟ್ಟೆ ಸಿಕ್ಕಿಸಿ ಆಗಿದೆ. ವಿಗ್ರಿ ಸರೋವರದ ದಂಡೆಯಲ್ಲಿ ಒಂದು ವಾರ, ಎಲ್ಲರೂ, ಹಿಂದಿನ ಹಾಗೇ. ಎಲ್ಲ ತೀರ್ಮಾನ ಆಗಿದೆ, ಒಂದು ಬಿಟ್ಟು. ಸ್ಟೀರಿಂಗ್ ಯಾರು ಹಿಡಿಯೋದು? ನೀನು ಅಂತ ನಾನು. "ನೀವೇ ಚಿಕ್ಕಪ್ಪ, ಇನ್ಯಾರು?" ಅಂತ ನೀನು.

ನಿನ್ನ ವಾದ ಗೊತ್ತು ಬಿಡು. ವರ್ಷವಿಡೀ ಬಿಯಾವಿಸ್ತೋಕ್ ಪೇಟೆಯಲ್ಲಿ ಸಿಟಿ ಬಸ್ಸು ಓಡಿಸ್ತೀಯ. ಬೆಳಗ್ಗೆ ಎದ್ದರೆ ಸ್ಟೀರಿಂಗು, ಮಲಗಿದರೆ ಕನಸಲ್ಲೂ ಸ್ಟೀರಿಂಗು. ರಜೆ ಅಂದರೆ ಹಿಂದಿನ ಸೀಟಲ್ಲಿ ಬಾಯಿ ತೆರ್ಕೊಂಡು ನಿದ್ದೆ. ಮುಂದೆ ನಾನು ಓಡಿಸ್ತಾ ಕಥೆ ಹೇಳಬೇಕು, ಹಿಂದೆ ನೀನು ಕೇಳ್ತಾ ಕೇಳ್ತಾ ಮಲಗಬೇಕು, ಚಿಕ್ಕವಳಿದ್ದಾಗ ಮಾಡ್ತಿದ್ದ ಹಾಗೆ. ಚೆನ್ನಾಗಿದೆ! ಆದರೆ ನ್ಯಾಯ ನೋಡು. ನಡು ಬಳುಕಿಸ್ತಾ ಹೋಗೋ ಅಷ್ಟುದ್ದದ ಬಸ್ಸು ಓಡಿಸೋಳಿಗೆ ಈ ಮೊಟ್ಟೆ ಯಾವ ಲೆಕ್ಕ? ಆನೆ ಪಳಗಿಸಿದವಳು ಬೆಕ್ಕಿನ ಮರಿಗೆ ಹೆದರೋದಾ? ...ಹೆದರಿಕೆ ಅಲ್ಲ, ಸುಸ್ತು ಅಂತೀಯಾ. ಹೂಂ ಹೂಂ, ಎಲ್ಲರೂ ಹಾಗೇ ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಓಹೋ, ಬೆಂಚು ಕಿರುಗುಟ್ಟಿತು. ಸಿಟ್ಟು ಬಂತು! ಬರಲಿ, ಸಿಟ್ಟಲ್ಲಿ ನೀನು ಚೆನ್ನಾಗಿ ಓಡಿಸ್ತೀಯ. ಕಲಿಸಿದವನಿಗೆ ಗೊತ್ತಿಲ್ಲವಾ? ಆಲೂಗಡ್ಡೆ ಹೊಲ, ನಮ್ಮ ಪುಟ್ಟ ಫಿಯಟ್ಟು, ಪಕ್ಕದಲ್ಲಿ ನಾನು. "ಕನ್ನಡಿ ನೋಡು, ಬೋಗ್ನಾ! ಕನ್ನಡಿ!" ಅಂತ ನಾನು ಅರಚಿದ್ದಕ್ಕೆ ಪಕ್ಕದ ಮನೆ ಬಝಿಲಿಯ ಹಸುಗಳು ಕೂಡ ನಡೆಯೋಕೆ ಮುಂಚೆ ಹಿಂದೆ ತಿರುಗಿ ನೋಡೋದು ಕಲಿತವು. ಇವತ್ತಿಗೂ ನೋಡ್ತವೆ. ಹೋಗಿ ಕೇಳು.

ನಾನ್ಯಾಕೆ ಓಡಿಸಲ್ಲ ಅಂದರೆ... ಮಂಡಿ ಕಣೆ. ಈ ಬಲಗಾಲಿನ ಮಂಡಿ... ಏನು? ನಿನ್ನೆ ಫೋನಲ್ಲಿ ಎಡಗಾಲು ಅಂದಿದ್ದೆನಾ? ಅದು ನಿನ್ನೆ. ನೋವು ಏನು ಬೇರು ಬಿಟ್ಟ ಮರವಾ, ಒಂದೇ ಕಡೆ ನಿಲ್ಲೋಕೆ? ಅದಕ್ಕೂ ರಜೆ, ಅದೂ ಸುತ್ತುತ್ತೆ. ...ನೀನು ಬಂದಾಗ ನಾನು ಮೊಟ್ಟೆಯ ನೆತ್ತಿ ಮೇಲೆ ಕೂತಿದ್ದೆ, ನಿಜ. ಗಾಳಿಗಿಂಡಿಯ ರಬ್ಬರು ಒತ್ತಿ ಒತ್ತಿ ನೋಡ್ತಿದ್ದೆ. ಹತ್ತೋಕೆ ಈ ಮಂಡಿ ಬಿಡುತ್ತೆ, ಬ್ರೇಕ್ ಒತ್ತೋಕೆ ಬಿಡಲ್ಲ. ಕಮ್ಯುನಿಸ್ಟ್ ಕಾಲದಲ್ಲಿ ಹುಟ್ಟಿದ ಮಂಡಿ, ಎಲ್ಲದಕ್ಕೂ ಮೇಲಿನಿಂದ ಅನುಮತಿ ಬೇಕು.

ಚಹಾ ತಗೋ, ಹಾಕ್ತೀನಿ. ...ಬೆರಳಾ? ಬೆರಳು ಲೋಟದೊಳಗೆ ಇಟ್ಟಿದ್ದು ಬಿಸಿ ಎಷ್ಟಿದೆ ಅಂತ ನೋಡೋಕೆ. ಸೊಸೆಗೆ, ಮಗಳಿಗೆ, ನೆಂಟರಿಗೆ ಬೆರಳು ಅದ್ದದೆ ಚಹಾ ಕೊಡೋರು ಮನುಷ್ಯರಾ? ಪ್ರೀತಿ ಬೇಡವಾ? ಇಗೋ, ರೊಟ್ಟಿಗೆ ಜೇನು ಸವರಿದ್ದೀನಿ, ತಿನ್ನು. ಬಝಿಲಿಯ ಜೇನುಗೂಡಿನದು, ಲಿಂಡನ್ ಹೂವಿನ... ಯಾಕೆ? ಯಾಕೆ ಕೆಮ್ತಿದ್ದೀಯ? ನೀರು ಬೇಕಾ? ...ಜೇನಲ್ವಾ? ...ಓ. ಈಸ್ಟರ್ ಹಬ್ಬಕ್ಕೆ ಅರೆದಿಟ್ಟ ಖಾರದ ಬೇರಿನ ಚಟ್ನಿ. ಗೊತ್ತು ಗೊತ್ತು, ಬೇಕಂತಲೇ ಹಾಕಿದ್ದು! ದಾರಿಯಲ್ಲಿ ನಿದ್ದೆ ಬರಬಾರದು ನೋಡು ಓಡಿಸೋರಿಗೆ. ಅಳು, ಚೆನ್ನಾಗಿ ಅಳು, ಮೂಗು ತೆರ್ಕೊಳ್ಳುತ್ತೆ. ಎರಡೂ ಜಾಡಿ ಒಂದೇ ಥರ ದುಂಡಗೆ ಇದ್ದರೆ ಅದು ಜಾಡಿ ಮಾಡಿದವನ ತಪ್ಪು ಕಣೆ.

ಕಣ್ಣು ಒರೆಸ್ಕೊಂಡೆಯಾ? ಈಗ ಕಣ್ಣು ಮುಚ್ಚು. ಮುಚ್ಚು ಅಂದರೆ ಮುಚ್ಚು. ನಿನ್ನ ಅಂಗೈ ಕೊಡು ಇಲ್ಲಿ. ಈ ಗೋಡೆ ಮೇಲೆ ಆಡಿಸು... ನಿಧಾನ... ಸಿಕ್ಕಿತಾ ಒಂದಾದರೂ ಗುಳಿ, ಒಂದಾದರೂ ಗಂಟು? ಸಿಕ್ಕರೆ ಮೀಸೆ ಬೋಳಿಸ್ತೀನಿ! ಚಳಿಗಾಲ ಪೂರ್ತಿ ಉಪ್ಪುಕಾಗದ ಹಿಡಿದು ಉಜ್ಜಿದ್ದೀನಿ, ಒಳಗೂ ಹೊರಗೂ. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ, ಕಡೆಗೆ ಬರೀ ಅಂಗೈ. ಹುಟ್ಟಿದಾಗ ನಿನ್ನ ಬೆನ್ನು ಇಷ್ಟು ನುಣುಪಾಗಿರಲಿಲ್ಲ. ಬೇಕಾದರೆ ನಿಮ್ಮಮ್ಮನ್ನ ಕೇಳು. ಬಝಿಲಿ ಬಂದು ಬೆಳಕು ಹಿಡಿದು ಹಿಡಿದು ನೋಡಿದ, ಏನೂ ಸಿಗದೆ ಹೊಟ್ಟೆಕಿಚ್ಚಿಗೆ ಎರಡು ದಿನ ನನ್ನ ಜೊತೆ ಇಸ್ಪೀಟಿಗೆ ಬರಲಿಲ್ಲ.

ಬಣ್ಣ? ಬಣ್ಣದ ಸುದ್ದಿಗೆ ಬಂದೆಯಾ... ಬರ್ತೀಯ ಅಂತ ಗೊತ್ತಿತ್ತು. ಹೌದು, ಎಡಗಡೆ ಕೆನೆಬಣ್ಣ, ಬಲಗಡೆ ಹಸಿರು. ಅದು ಬೇಲಿಗೆ ಬಳಿಯೋ ಹಸಿರು ಅನ್ನೋದೂ ನಿಜ. ಯಾಕೆ ಅಂತ ಯೋಚನೆ ಮಾಡಿದೆಯಾ? ಎಡಗಡೆಯಿಂದ ನೋಡಿದವನು ಕೆನೆಬಣ್ಣದ ಟ್ರೇಲರ್ ಹೋಯ್ತು ಅಂತಾನೆ, ಬಲಗಡೆಯಿಂದ ನೋಡಿದವನು ಹಸಿರು ಅಂತಾನೆ. ಪೊಲೀಸರ ಮುಂದೆ ಇಬ್ಬರು ಸಾಕ್ಷಿಗಳು ಜುಟ್ಟು ಹಿಡ್ಕೊಂಡು ಹೊಡೆದಾಡಬೇಕು, ಅಷ್ಟರಲ್ಲಿ ನಾವು ಸರೋವರ ಮುಟ್ಟಿರಬೇಕು! ...ಚಿಕ್ಕಮ್ಮ ಏನಂದಳಾ? ಆರೋಗ್ಯಧಾಮದಿಂದ ಬಂದವಳು ಅಂಗಳದಲ್ಲೇ ಸೂಟ್‌ಕೇಸ್ ಮೇಲೆ ಕೂತುಬಿಟ್ಟಳು. ಮೊದಲು ನಕ್ಕಳು. ಆಮೇಲೆ... ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ. ಹೆಂಗಸರಿಗೆ ಕಲೆ ಅರ್ಥ ಆಗೋಕೆ ಹೊತ್ತು ಬೇಕು.

ಆ ಡ್ರಾಯರ್ ಎಳಿ. ...ಹಿಡಿ ಏನಾಗಿದೆ? ಅದು ಹಿತ್ತಾಳೆ ಗುಂಡಿ, ಅಂಚೆಯವನ ಹಳೇ ಕೋಟಿನದು. ಅದರ ಪಕ್ಕದ್ದು ಬಾಟಲಿ ಬೆಂಡು. ಮೇಲಿನದು ಮರದ ಸೌಟಿನ ತುಂಡು. ಅಡುಗೆ ಡಬ್ಬಗಳ ಬಾಗಿಲಿಗೆ ಆಕ್ರೋಡ್ ಚಿಪ್ಪು. ಔಷಧಿ ಡ್ರಾಯರಿಗೆ ಹಗ್ಗದ ಗಂಟು. ಒಂದರ ಹಾಗೆ ಒಂದಿಲ್ಲ! ಯಾಕಂತೀಯಾ? ಅಂಗಡಿಯಲ್ಲಿ ಸಿಗೋ ಹಿಡಿ ಎಲ್ಲರ ಮನೆಯಲ್ಲೂ ಇರುತ್ತೆ ಕಣೆ. ನಮ್ಮದು ಅರಮನೆ. ಅರಮನೆಯಲ್ಲಿ ಪ್ರತಿ ಬಾಗಿಲಿಗೂ ಬೇರೆ ದ್ವಾರಪಾಲಕ. ಬೆಂಡು ಮುಟ್ಟಿದರೆ ಚಮಚ, ಗುಂಡಿ ಮುಟ್ಟಿದರೆ ಬೆಂಕಿಪೊಟ್ಟಣ. ಕತ್ತಲಲ್ಲೂ ತಪ್ಪಲ್ಲ.

ಇದೆಲ್ಲ ಸುಲಭಕ್ಕೆ ಆಯ್ತು ಅಂದ್ಕೊಂಡೆಯಾ? ಕೊಟ್ಟಿಗೆಯಿಂದ ಇದನ್ನ ಹೊರಗೆ ತೆಗೆದಾಗ ಒಳಗೆ ಕೋಳಿಗಳ ಸಂಸಾರ. ಮೊಟ್ಟೆಯಿಂದ ಕೋಳಿ ಬರೋದು ಲೋಕದ ನಿಯಮ, ನಮ್ಮನೇಲಿ ಕೋಳಿಗಳೇ ಮೊಟ್ಟೆಯೊಳಗೆ ವಾಪಸ್ಸು ಹೋಗಿದ್ದವು! ಹುಂಜ ಇದೇ ಮೇಜಿನ ಮೇಲೆ ನಿಂತು, "ಇಷ್ಟು ವರ್ಷ ವಾಸ ಇದ್ದೀವಿ, ಜಾಗ ನಮ್ಮದು" ಅಂತ ವಾದ ಮಾಡ್ತು. ನಾನು ಕಾನೂನು ಓದಿದವನಲ್ಲ. ಕಡೆಗೆ ರಾಜಿ ಆಯ್ತು. ಅವಕ್ಕೆ ಹೊಸ ಗೂಡು, ಕಿಟಕಿ ಸಮೇತ. ಹುಂಜ ಪರದೆಯೂ ಬೇಕು ಅಂತು, ಅದಕ್ಕೆ ಒಪ್ಪಲಿಲ್ಲ.

ನಗ್ತಿದ್ದೀಯ! ಕೇಳಿಸ್ತು, ಮೂಗಲ್ಲಿ ನಕ್ಕೆ. ನಿಮ್ಮಪ್ಪನೂ ಹಾಗೇ ಮೂಗಲ್ಲೇ ನಗ್ತಿದ್ದ. ಏರು ಬಂದರೆ ಆ ಪುಟ್ಟ ಫಿಯಟ್ಟು ಉಸಿರು ಬಿಡೋದು, ರೋಖಣ್ಣ ಎಲ್ಲರನ್ನೂ ಇಳಿಸಿಬಿಡೋನು. ನಾವು ಪಕ್ಕದಲ್ಲಿ ನಡ್ಕೊಂಡು, ದಾರಿಬದಿ ಕಾಡಿನ ಹಣ್ಣು ಕಿತ್ತು ತಿಂದು, ಹಾಡು ಹೇಳಿ, ಮೇಲೆ ತಲುಪಿ, ಅಲ್ಲಿ ಬೆಂಕಿ ಹಾಕಿ ಸಾಸೇಜ್ ಸುಟ್ಟು ಇಟ್ಟಿರ್ತಿದ್ದೆವು, ಆಮೇಲೆ ಕಾರು ಬರೋದು. ಸುಳ್ಳಾ? ಒಂದು ಸಲ ಬಸವನಹುಳ ನಮ್ಮನ್ನ ಹಿಂದೆ ಹಾಕಿ ಹೋಗುವಾಗ ಹಾರ್ನ್ ಹೊಡೀತು.

ಆ ಬಿರುಗಾಳಿ ರಾತ್ರಿ ನೆನಪಿದೆಯಾ? ನೀನು ಮೆಲಾಳಷ್ಟಿದ್ದೆ. ಮೊಟ್ಟೆ ದಂಡೆಯಿಂದ ಜಾರಿ ಸರೋವರಕ್ಕೆ ಇಳೀತು, ನಾವೆಲ್ಲ ಒಳಗೆ ಗೊರಕೆ. ಎದ್ದು ನೋಡಿದರೆ ಸುತ್ತ ನೀರು! ನಾನು ಬಾಣಲಿಯಲ್ಲಿ ಹುಟ್ಟು ಹಾಕಿದೆ, ರೋಖಣ್ಣ ಸೂಪಿನ ಪಾತ್ರೆಯಲ್ಲಿ. ಈ ಗಾಳಿಗಿಂಡಿಯಿಂದ ಒಂದು ಮೀನು ಒಳಗೆ ಹಾರಿ ಬಿತ್ತು. ಇಗೋ ಇಷ್ಟುದ್ದ. ಕೈ ಇನ್ನೂ ಚಾಚಬೇಕು, ಜಾಗ ಇಲ್ಲ. ಬಿದ್ದಿದ್ದೇ ನೇರವಾಗಿ ಬಾಣಲಿಗೆ! ಬೆಳಗ್ಗೆ ಆಚೆ ದಡ ಮುಟ್ಟಿದಾಗ ಲಿಥುವೇನಿಯಾದ ಗಡಿ ಕಾವಲುಗಾರ ಪಾಸ್‌ಪೋರ್ಟ್ ಕೇಳಿದ, ಮೀನಿಂದೂ ಸೇರಿಸಿ... ಗೊತ್ತು, ಗೊತ್ತು. "ಆವತ್ತು ಮಳೆ ಬಂತು ಅಷ್ಟೇ, ನಾನೂ ಇದ್ದೆ" ಅಂತೀಯ. ಈ ಕಥೆ ಹೇಳಿದಾಗಲೆಲ್ಲ ನೀನು ನಾಲಿಗೆ ಚಾಚ್ತಿದ್ದೆ. ಚಿಕ್ಕಪ್ಪನ ಸುಳ್ಳು ಸಿಕ್ಕಿತು ಅಂದರೆ ಸಾಕು, ಊಟದ ಮೇಜಾಗಲಿ, ಚರ್ಚಿನ ಬೆಂಚಾಗಲಿ, ಉದ್ದಕ್ಕೆ ನಾಲಿಗೆ! ನಾನು ತಕ್ಷಣ ಎರಡೂ ಕಿವಿ ಕುಣಿಸಬೇಕು. ಅದು ನಮ್ಮ ಒಪ್ಪಂದ. ನಾಲಿಗೆಗೆ ಕಿವಿ. ಒಂದು ಸಲವಾದರೂ ತಪ್ಪಿಸಿದ್ದೀನಾ? ಪೂಜೆ ನಡುವೆ ಪಾದ್ರಿಗಳು ನೋಡ್ತಿದ್ದಾಗಲೂ ಕುಣಿಸಿದ್ದೀನಿ.

...ಹೂಂ? ವಿಷಯಕ್ಕೆ ಬನ್ನಿ ಅಂತೀಯಾ. ವಿಷಯದಲ್ಲೇ ಇದ್ದೀನಲ್ಲ! ಸ್ಟೀರಿಂಗ್. ಹೇಳ್ತೀನಿ ಕೇಳು, ಮಂಡಿ ಗಿಂಡಿ ಎಲ್ಲ ಬಿಡು, ನಿಜ ಹೇಳಿಬಿಡ್ತೀನಿ. ಹರಕೆ. ಹೋದ ಜುಲೈನಲ್ಲಿ, ದಾರಿಹೋಕರನ್ನ ಕಾಯೋ ಸಂತ ಕ್ರಿಸ್ಟೋಫರನ ಹಬ್ಬಕ್ಕೆ ಚರ್ಚಿನ ಮುಂದೆ ಕಾರುಗಳಿಗೆಲ್ಲ ಪವಿತ್ರ ಜಲ ಚಿಮುಕಿಸ್ತಾರಲ್ಲ, ನನ್ನ ಕಿಟಕಿ ತೆರೆದಿತ್ತು. ಪಾದ್ರಿಗಳ ತೋಳಿನಲ್ಲಿ ಬಲ ಜಾಸ್ತಿ, ಅರ್ಧ ಬಕೆಟ್ ನನ್ನ ಮುಖಕ್ಕೇ ಬಿತ್ತು. ಅಲ್ಲೇ, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿದ್ದಾಗಲೇ ಕೈ ಮುಗಿದೆ. "ಸ್ವಾಮಿ, ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಹೆದರಿ ಹೆದರಿ ನೀನೂ ದಣಿದಿದ್ದೀಯ. ಒಂದು ವರ್ಷ ನಿನಗೆ ರಜೆ. ನಾನು ಓಡಿಸಲ್ಲ, ನೀನು ಕಾಯಬೇಡ." ...ಏನಂದೆ? "ಸಂತನಿಗ್ಯಾಕೆ ರಜೆ, ನನಗೆ ಕೊಡಿ"? ಹ್ಹ ಹ್ಹ! ನಮ್ಮ ಮನೆತನದ ನಾಲಿಗೆ! ...ಆಗಸ್ಟಿನಲ್ಲಿ ನಿಮ್ಮನೆಗೆ ಕಾರಲ್ಲೇ ಬಂದಿದ್ದೆನಾ? ಬಂದಿದ್ದೆ. ಆಗ ಹರಕೆ ಇನ್ನೂ ಒಣಗಿರಲಿಲ್ಲ.

ಕಾರಿನ ಮೇಲೆ ಧೂಳಿದೆ, ಸರಿ. ಬೆರಳಲ್ಲಿ ಹೆಸರು ಬರೆಯೋಷ್ಟು. ಕನ್ನಡಿ ಹತ್ತಿರ ಬಾನಕ್ಕಿ ಗೂಡು ಕಟ್ಟಿದ್ದೂ ಸರಿ. ಗ್ಯಾರೇಜಿನೊಳಗೆ ಗೂಡು ಕಟ್ಟಿದರೆ ಅದೃಷ್ಟ, ಬಾಗಿಲು ತೆರೆದು ಸದ್ದು ಮಾಡಬಾರದು ಅಂತ ಕಾರು ತೆಗೀಲಿಲ್ಲ. ಮರಿ ಹಾರಿ ಹೋದವು, ಮೊನ್ನೆ ತೆಗೆದೆ. ಬಝಿಲಿ ಹೊರಗೆ ತೆಗೆದ. ನಾನು ಸನ್ನೆ ಮಾಡ್ತಿದ್ದೆ. ...ಗೇಟಿನ ಕಂಬಕ್ಕೆ ಬಣ್ಣ ಹತ್ತಿದ್ದಾ? ಅದು ಹಳೇದು, ಅಕ್ಟೋಬರಿನದು. ಕಂಬ ಬಝಿಲಿಯದು. ಅವನು ವರ್ಷಕ್ಕೆ ಒಂದು ಗೇಣು ನನ್ನ ಕಡೆ ಸರಿಸ್ತಾನೆ, ಕಳ್ಳ! ಆವತ್ತು ನಾನು ನೇರವಾಗೇ ಬಂದೆ, ಕಂಬ ಬಂದು ಗುದ್ದಿತು.

ಯಾಕೆ ನಿನ್ನ ಕಿವಿ ಪಕ್ಕ ನೋಡ್ತಿದ್ದೀನಿ ಅಂತೀಯಾ? ಎಲ್ಲಿ? ನೇರವಾಗೇ... ಕಿಟಕಿಯಾಚೆ ಮಕ್ಕಳನ್ನ ನೋಡ್ತಿದ್ದೆ ಕಣೆ, ತಿಮೋನ್ ಕೋಳಿ ಅಟ್ಟಿಸ್ಕೊಂಡು ಓಡ್ತಿದ್ದಾನೆ, ಕೇಳಿಸ್ತಿಲ್ಲವಾ? ಬೇಡ ಅಂದರೆ ನಿನ್ನೇ ನೋಡ್ತೀನಿ. ಇಗೋ. ಈ ಕೆಂಪು ಜಾಕೆಟ್ಟು ನಿನಗೆ ಚೆನ್ನಾಗಿ ಒಪ್ಪುತ್ತೆ, ಬಾಗಿಲಲ್ಲೇ ಹೇಳೋಣ ಅಂತಿದ್ದೆ. ...ನೀಲಿನಾ? ಕೆಂಪು ಹೋದ ವರ್ಷದ್ದಾ? ನೀಲಿ ಅಂದರೂ ಅದೇ... ಪರದೆ ನೆರಳು ನೋಡು, ಒಳಗೆ ಕತ್ತಲೆ. ಕೊಕ್ಕರೆಗಳ ತಪ್ಪು.

ಏನು ಯೋಚನೆ ಮಾಡ್ತಿದ್ದೀಯ? ಚಮಚ ನಿಲ್ಲಿಸಿದೆ. ಆಗಿನಿಂದ ಲೋಟದಲ್ಲಿ ಟಿಣಿಟಿಣಿ ಅಂತಿತ್ತು, ನಿಂತು ಹೋಯ್ತು. ...ಅಣಬೆ? ಅಣಬೆ ಸುದ್ದಿ ಈಗ್ಯಾಕೆ? ಹೌದು, ಹೋದ ಶರತ್ಕಾಲದಲ್ಲಿ ಕಳಿಸಲಿಲ್ಲ. ಪ್ರತಿ ವರ್ಷ ಒಣ ಅಣಬೆ ಸರ ಪೋಣಿಸಿ ಕಳಿಸ್ತಿದ್ದೆ, ಹೋದ ವರ್ಷ ಕ್ರಿಸ್ಮಸ್ಸಿಗೆ ನಿಮ್ಮ ಸೂಪಿಗೆ ಅಂಗಡಿ ಅಣಬೆ ಬಿತ್ತು, ಪಾಪ. ಕಾಡಿಗೆ ಹೋಗಿದ್ದೆ ಕಣೆ. ಬುಟ್ಟಿ ಖಾಲಿ ತಂದೆ. ಐವತ್ತು ವರ್ಷ ಕೊಯ್ದಿದ್ದೀನಿ, ಒಂದು ವರ್ಷ ಅವಕ್ಕೆ ಕ್ಷಮಾದಾನ ಕೊಟ್ಟೆ! ಅಣಬೆ ಜಾತಿಯವರೆಲ್ಲ ಸಭೆ ಸೇರಿ ನನಗೆ ಸನ್ಮಾನ... ಯಾಕೆ ನಗ್ತಿಲ್ಲ? ಇದು ಒಳ್ಳೇ ಜಾಗ, ನಗಬೇಕಿತ್ತು.

ಆಯ್ತು ಬಿಡು. ಬೀರು! ಬೀರು ಕುಡೀಬೇಕು ನನಗೆ, ಅದೇ ನಿಜವಾದ ಕಾರಣ. ಪಕ್ಕದ ಸೀಟಲ್ಲಿ ಕಾಲು ಚಾಚಿ, ತಣ್ಣಗಿನ ಬೀರು ಹಿಡಿದು, ಬಸ್ಸಿನ ಡ್ರೈವರಮ್ಮ ಓಡಿಸ್ತಿರಬೇಕು, ನಾನು ಟಿಕೆಟ್ ಇಲ್ಲದ ಪ್ರಯಾಣಿಕ. ಮುದುಕನ ಆಸೆ. ಓಡಿಸೇ ಬೋಗ್ನಾ. ನೀನು ಓಡಿಸಿದರೆ ಹೊರಡ್ತೀವಿ, ಇಲ್ಲದಿದ್ದರೆ ಇಲ್ಲ. ಚಿಕ್ಕಮ್ಮ ಸೈಕಲ್ ಬಿಟ್ಟರೆ ಏನೂ ಮುಟ್ಟೋಳಲ್ಲ. ಮಕ್ಕಳಿಗೆ ನೀನೇ ಹೇಳು, ಚೀಲ ಇಳಿಸಿ ಅಂತ. ನನ್ನ ಕೈಲಿ ಆಗಲ್ಲ...

ಏನು? ...ಕೂರೋಣ ಅಂತೀಯಾ? ಈಗಲೇ?

ಹೊರಡೋ ಮುಂಚೆ ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂರಬೇಕು, ಗೊತ್ತು, ನಿಮ್ಮಜ್ಜಿಯ ಪದ್ಧತಿ. ಮಾತಾಡಿದರೆ ದಾರಿ ಕೆಡುತ್ತೆ. ಆದರೆ ಅದು ಹೊರಡೋವಾಗ ಕಣೆ, ಇನ್ನೂ ಯಾರು ಓಡಿಸೋದು ಅಂತಲೇ... ಕೂತು ಎದ್ದ ಮೇಲೆ ಹೇಳ್ತೀಯಾ? ಮಕ್ಕಳನ್ನೂ ಚಿಕ್ಕಮ್ಮನನ್ನೂ ಕರೀಲಾ? ...ನಾವಿಬ್ಬರೇನಾ. ನನ್ನ ಕೈಲಿ ಸುಮ್ಮನಿರೋದು ಯಾವತ್ತು ಆಗಿದೆ, ಹೇಳು? ಈ ಗಳಿಗೆ ಬಂತು ಅಂದರೆ ನಿಮ್ಮಪ್ಪ ನನ್ನ ಬಾಯಿಗೆ ರೊಟ್ಟಿ ತುರುಕ್ತಿದ್ದ. ಮಾತು ಬೆಳ್ಳಿ, ಮೌನ ಬಂಗಾರ ಅಂತ. ನಾನು ಮೊದಲಿನಿಂದ ಬೆಳ್ಳಿ ವ್ಯಾಪಾರಿ... ಸರಿ, ಸರಿ. ಶ್ ಅನ್ನಬೇಡ. ಕೂತೆ. ಇಗೋ ಬಾಯಿ ಮುಚ್ಚಿದೆ.

...

...ಆಯ್ತಲ್ಲ?

...ಸಾಕಲ್ಲ ಇಷ್ಟು? ದಾರಿಗೆ ಇಷ್ಟು ಸಾಕು. ಹೇಳು ಈಗ. ಓಡಿಸ್ತೀಯಾ?

...ತಲೆ ಆಡಿಸಿದೆಯಾ? ಆಡಿಸಿರಬೇಕು... ಯಾವ ಕಡೆಗೆ? ಮೇಲೆ ಕೆಳಗಾ, ಆ ಕಡೆ ಈ ಕಡೆಯಾ? ಬಾಯಿ ಬಿಟ್ಟು ಹೇಳೇ. ಪದ್ಧತಿ ಮುಗೀತು, ಈಗ ಮಾತಾಡಬಹುದು.

ಇಲ್ಲೇ ಇದ್ದೀಯ ತಾನೇ? ಬೆಂಚು ಕಿರುಗುಟ್ಟಿಲ್ಲ, ಬಾಗಿಲು ಸದ್ದಾಗಿಲ್ಲ. ಇಲ್ಲೇ ಇದ್ದೀಯ. ಕೋಪವಾ? ನಗ್ತಿದ್ದೀಯಾ? ನಕ್ಕಿದ್ದರೆ ಮೂಗಲ್ಲಿ ಸದ್ದಾಗಬೇಕಿತ್ತು... ಏನೋ ಮಾಡ್ತಿದ್ದೀಯ. ಏನು ಮಾಡ್ತಿದ್ದೀಯ, ಮಗಳೇ? ಹೇಳಬಾರದಾ?

...ಏನು?

ನಾಲಿಗೆನಾ?

ಈಗಲಾ? ...ಕೂತಾಗಿನಿಂದಲಾ? ಕೂತಾಗಿನಿಂದ ಚಾಚ್ಕೊಂಡೇ ಇದ್ದೆಯಾ? ನನ್ನ ಮೂಗಿನ ಮುಂದೆಯೇ?

ಅಯ್ಯೋ.

ತಡಿ. ತಡಿ ತಡಿ, ಕುಣಿಸ್ತೀನಿ. ಇಗೋ... ಎರಡೂ ಕುಣೀತಿವೆಯಾ? ಎಡಗಿವಿ ಸ್ವಲ್ಪ ಸೋಮಾರಿ. ತಡವಾಯ್ತು, ಅಷ್ಟೇ ಕಣೆ. ತಪ್ಪಿಸಿಲ್ಲ. ತಡ ಆಯ್ತು ಅಷ್ಟೇ.

ಅಳಬೇಡ. ಮಕ್ಕಳು ನೋಡ್ತಾರೆ... ಕಣ್ಣು ಪೂರ್ತಿ ಹೋಗಿಲ್ಲ. ಅಂಚೆಲ್ಲ ಇದೆ. ಕಿಟಕಿ ಇದೆ, ಬಾಗಿಲಿದೆ, ನಿನ್ನ ಭುಜ ಇದೆ. ನಡುವೆ ಮಾತ್ರ ಯಾರೋ ಹೆಬ್ಬೆರಳು ಒತ್ತಿದ ಹಾಗೆ, ಎಲ್ಲಿ ನೋಡಬೇಕು ಅಂತೀನೋ ಅಷ್ಟು ಮಾತ್ರ ಇರಲ್ಲ. ಮುಖಗಳು. ಮುಖಗಳಷ್ಟೇ. ಡಾಕ್ಟರು ಉದ್ದನೆಯ ಹೆಸರು ಹೇಳಿದ, ವಾಪಸ್ಸು ಬರಲ್ಲ ಅಂದ, ಇಷ್ಟಕ್ಕೇ ನಿಲ್ಲಿಸೋಣ ಅಂತ ಔಷಧಿ ಕೊಡ್ತಿದ್ದಾನೆ. ...ಹೇಳಿದ್ದರೆ? ಹೇಳಿದ್ದರೆ ನೀನು "ಪಾಪ ಚಿಕ್ಕಪ್ಪ" ಅಂತ ಕೈ ಹಿಡ್ಕೊಂಡು ಸೋಫಾ ಮೇಲೆ ಕೂರ್ತಿದ್ದೆ. ಮೊಟ್ಟೆ ಕೋಳಿಗಳಿಗೇ ಉಳೀತಿತ್ತು. ನನಗೆ ಪಾಪ ಬೇಡವಾಗಿತ್ತು ಬೋಗ್ನಾ, ಡ್ರೈವರ್ ಬೇಕಾಗಿತ್ತು.

...ಅದೇನು ಸದ್ದು? ಕಾರಿನ ಬೀಗದ ಕೈ. ಬಾಗಿಲ ಹತ್ತಿರದ ಕೊಕ್ಕೆಯಿಂದ ತೆಗೆದೆ ತಾನೇ? ಅದೇ, ಅದಕ್ಕೆ ಗಂಟೆ ಕಟ್ಟಿದ್ದೀನಿ, ತಿಳೀತು. ...ಎಲ್ಲಿಗೆ? ಮಕ್ಕಳನ್ನ ಕರೀತಿದ್ದೀಯಾ? ಹತ್ತಿ ಅಂತಿದ್ದೀಯಾ?

ಹ್ಹ! ನೋಡಿದೆಯಾ, ಗೆದ್ದೆ! ಮೊದಲೇ ಹೇಳಿದ್ದೆ ನೀನೇ ಓಡಿಸೋದು ಅಂತ... ಕೈ ಕೊಡು, ಮೆಟ್ಟಿಲು ಒಂದು ಎತ್ತರ ಇದೆ. ನಾನೇ ಮಾಡಿದ್ದು, ಆದರೂ ದಿನಾ ಬೈತೀನಿ. ಪಕ್ಕದ ಸೀಟು ನನ್ನದು. ಚಿಕ್ಕಮ್ಮ ಬಂದರೂ ಬಿಟ್ಟುಕೊಡಲ್ಲ. ಕನ್ನಡಿ ಸರಿ ಮಾಡ್ಕೋ ಬೋಗ್ನಾ. ಕನ್ನಡಿ! ಬಝಿಲಿಯ ಕಂಬದ ಹತ್ತಿರ ಎಡಕ್ಕೆ ಹಿಡಿ, ಅದು ಮೋಸದ ಕಂಬ.

ಮತ್ತೆ... ದಾರಿಯಲ್ಲಿ ಏನೇನು ಬರುತ್ತೆ ಹೇಳ್ತಾ ಹೋಗು. ಯಾವ ಹೊಲದಲ್ಲಿ ಯಾವ ಬೆಳೆ, ಯಾರ ಮನೆ ಮೇಲೆ ಕೊಕ್ಕರೆ ಗೂಡು, ಹಿಂದಿನ ಸೀಟಲ್ಲಿ ಮೆಲಾ ಮೂತಿ ಹೇಗೆ ಮಾಡಿದ್ದಾಳೆ, ಎಲ್ಲ. ಈ ಸಲ ನೀನು ಹೇಳು, ನಾನು ಕೇಳ್ತೀನಿ. ನಡುವೆ ಒಂದೆರಡು ಸುಳ್ಳು ಸೇರಿಸಿದರೂ ಪರವಾಗಿಲ್ಲ. ಸಿಕ್ಕಿಬಿದ್ದರೆ ನಾಲಿಗೆ ಚಾಚೋದು ನನ್ನ ಪಾಳಿ.